ಆಕ್ಟೋಪಸ್, ಬೊಂಡಾಸ್ (ಸ್ಕ್ವಿಡ್) ಇರುವ ಸಾಮಾನು ಕೂಡಿಸೋದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಬಾಗಿಲ ಪಕ್ಕ ಒಂದು ಹಿತ್ತಾಳೆ ಆಕ್ಟೋಪಸ್ ಇದೆ. ಎಂಟು ಕೈ, ಎಂಟರ ತುದಿಯೂ ಮೇಲಕ್ಕೆ ಬಾಗಿದೆ. ಒಂದರಲ್ಲಿ ಸ್ಕೂಟರ್ ಕೀ, ಒಂದರಲ್ಲಿ ಮನೆ ಕೀ, ಒಂದರಲ್ಲಿ ಕೊಡೆ, ಇನ್ನೊಂದರಲ್ಲಿ ಯಾವ ಬೀಗದ್ದು ಅಂತ ಯಾರಿಗೂ ಗೊತ್ತಿಲ್ಲದ ಒಂದು ಕೀಗೊಂಚಲು. ಮಲ್ಪೆಯಿಂದ ಬಂದ ಅಮ್ಮ ಮೊದಲ ಸಲ ಅದನ್ನು ನೋಡಿ, "ಎಂತ ಮಾರಾಯ ಇದು, ಸುಕ್ಕ ಮಾಡುವುದನ್ನು ತಂದು ಗೋಡೆಗೆ ಹೊಡೆದಿಟ್ಟಿದ್ದೀಯಲ್ಲ!" ಅಂದರು.

ಆ ಒಂದು ಹುಕ್‌ನಿಂದ ಶುರುವಾದದ್ದು ಈಗ ಎರಡು ಕಪಾಟು ತುಂಬಿದೆ. ಮಧ್ಯದಲ್ಲಿ ದುಡ್ಡು ಕಳೆದುಕೊಂಡಿದ್ದೇನೆ, ಮೋಸ ಹೋಗಿದ್ದೇನೆ, ಒಡೆದದ್ದನ್ನು ಅಂಟಿಸಿದ್ದೇನೆ. ನೀವೂ ಶುರು ಮಾಡಬೇಕು ಅಂತಿದ್ದರೆ ನಾನು ಮಾಡಿದ ತಪ್ಪುಗಳನ್ನೇ ಮತ್ತೆ ಮಾಡುವುದು ಬೇಡ, ಅಷ್ಟಕ್ಕೇ ಇದು.

ಹಂತ 1: ಮೊದಲು ಪ್ರಾಣಿಯನ್ನು ನೋಡಿಕೊಳ್ಳಿ

ಮಾರುವವರು ಎಲ್ಲದಕ್ಕೂ ಆಕ್ಟೋಪಸ್ ಅಂತಲೇ ಹೆಸರಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಆಕ್ಟೋಪಸ್‌ಗೆ ಎಂಟು ಕೈ, ದುಂಡು ಚೀಲದಂಥ ಮೈ. ಸ್ಕ್ವಿಡ್, ಅಂದರೆ ಮಂಗಳೂರು ಕಡೆಯ ಬೊಂಡಾಸ್, ಕಾರವಾರ ಕಡೆಯ ಮಾಣಕಿ, ಇದಕ್ಕೆ ಎಂಟು ಕೈಯ ಜೊತೆ ಇನ್ನೂ ಎರಡು ಉದ್ದನೆಯ ಬಳ್ಳಿಗಳಿರುತ್ತವೆ. ಆ ಬಳ್ಳಿಯ ತುದಿ ಮಾತ್ರ ಸೌಟಿನ ಹಾಗೆ ಅಗಲ. ಮೈ ಉದ್ದನೆಯ ಕೊಳವೆ, ಹಿಂದೆ ತ್ರಿಕೋನದ ರೆಕ್ಕೆ. ಕಪ್ಪೆ ಬೊಂಡಾಸ್, ಅಂದರೆ ಕಟಲ್‌ಫಿಶ್‌ಗೂ ಹತ್ತೇ, ಆದರೆ ಮೈ ಚಪ್ಪಟೆ, ಸುತ್ತಲೂ ಸೆರಗಿನ ಹಾಗೆ ಅಂಚು. ಗಿಳಿ ಪಂಜರದಲ್ಲಿ ಸಿಕ್ಕಿಸುವ ಬಿಳಿ ಸಮುದ್ರ ನೊರೆ ಇದೆಯಲ್ಲ, ಅದು ನೊರೆ ಅಲ್ಲ, ಇದರ ಬೆನ್ನೊಳಗಿನ ಓಡು.

ಇನ್ನೊಂದು ಗುರುತು ಹೀರುಬಟ್ಟಲು, ಕೈ ಉದ್ದಕ್ಕೂ ಇರುವ ಆ ದುಂಡು ದುಂಡು ಬಟ್ಟಲುಗಳು. ಅವು ಇರೋದು ಕೈಯ ಒಳಮೈಯಲ್ಲಿ ಮಾತ್ರ. ಸುಮ್ನೆ ಅಂದಕ್ಕೆ ಅಂತ ಕೈಯ ಮೇಲುಮೈಗೂ ಬಟ್ಟಲು ಒತ್ತಿದ್ದರೆ ಮಾಡಿದವರು ಪ್ರಾಣಿಯನ್ನು ನೋಡಿಲ್ಲ ಅಂತ ಅರ್ಥ. ಕಣ್ಣು ಕೂಡ ನೋಡಿ: ಆಕ್ಟೋಪಸ್ ಕಣ್ಣಿನ ಪಾಪೆ ಅಡ್ಡಗೆರೆ, ಸ್ಕ್ವಿಡ್‌ದು ದುಂಡು, ಕಟಲ್‌ಫಿಶ್‌ದು ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಹಾಗೆ.

ಇದನ್ನೆಲ್ಲ ಹಿಡಿದುಕೊಂಡು ಅಂಗಡಿಯಲ್ಲಿ ಜಗಳಕ್ಕೆ ನಿಲ್ಲಬೇಡಿ. ಕೈ ಕಡಿಮೆ ಇದೆ ಅಂದ ಮಾತ್ರಕ್ಕೆ ವಸ್ತು ಕೆಟ್ಟದ್ದು ಅಂತಲೂ ಅಲ್ಲ. ಗ್ರೀಸಿನ ಹಳೇ ಜಾಡಿಗಳಲ್ಲಿ ಬರಬರುತ್ತಾ ಆಕ್ಟೋಪಸ್‌ನ ಕೈಗಳು ಬರೀ ಅಲೆಯ ಗೆರೆಗಳಾಗಿಬಿಟ್ಟವು, ಎಣಿಸಿದರೆ ಎಂಟು ಬರುವುದೂ ಇಲ್ಲ, ಆದರೂ ನೋಡಲು ಎಷ್ಟು ಚೆಂದ. ತಿಳಿದು ಬಿಡೋದು ಬೇರೆ, ತಿಳಿಯದೆ ತಪ್ಪೋದು ಬೇರೆ.

ಹಂತ 2: ಒಂದು ಷರತ್ತು ಹಾಕಿಕೊಳ್ಳಿ

ಸಿಕ್ಕಿದ್ದೆಲ್ಲ ಕೊಂಡರೆ ಆರು ತಿಂಗಳಲ್ಲಿ ಮನೆ ಗಿಫ್ಟ್ ಅಂಗಡಿ ಆಗುತ್ತದೆ. ನನಗೆ ಆಗಿತ್ತು. ಆಕ್ಟೋಪಸ್ ಚಿತ್ರ ಒತ್ತಿದ ದಿಂಬಿನ ಕವರು, ಫೋನ್ ಕವರು, ಹನ್ನೊಂದು ಮಗ್ಗು. ಒಂದು ಭಾನುವಾರ ಎಲ್ಲವನ್ನೂ ಹಾಲ್‌ನಲ್ಲಿ ಹರಡಿ ಕೂತೆ. ಯಾವುದು ನಿಜವಾಗಿ ಇಷ್ಟ, ಯಾವುದು ಬರೀ ಚಟಕ್ಕೆ ಕೊಂಡದ್ದು ಅಂತ ನೋಡಿದಾಗ ಒಂದು ವಿಷಯ ಗೊತ್ತಾಯಿತು. ಉಳಿಸಿಕೊಳ್ಳಬೇಕು ಅನ್ನಿಸಿದ ವಸ್ತುಗಳಲ್ಲೆಲ್ಲ ಆ ಪ್ರಾಣಿಯ ಕೈ ಏನೋ ಕೆಲಸ ಮಾಡುತ್ತಿತ್ತು. ಕೀ ಹಿಡಿದಿತ್ತು, ಬಟ್ಟಲನ್ನು ಎತ್ತಿ ನಿಂತಿತ್ತು, ಟೀ ಕಪ್ಪಿನ ಹಿಡಿ ಆಗಿತ್ತು, ಜಾಡಿಯನ್ನು ತಬ್ಬಿಕೊಂಡಿತ್ತು. ಕೊಡಬೇಕು ಅನ್ನಿಸಿದವುಗಳಲ್ಲಿ ಅದು ಸ್ಟಿಕ್ಕರಿನ ಹಾಗೆ ಅಂಟಿಕೊಂಡಿತ್ತು, ಅದರ ಜಾಗದಲ್ಲಿ ಆನೆ ಇದ್ದರೂ ನಡೆಯುತ್ತಿತ್ತು.

ಅವತ್ತಿನಿಂದ ನನ್ನ ಷರತ್ತು ಇಷ್ಟೇ: ಕೈಗೆ ಕೆಲಸ ಇರಬೇಕು. ನಿಮ್ಮದು ಬೇರೆ ಇರಬಹುದು. ಬರೀ ಅಡುಗೆಮನೆ ಸಾಮಾನು, ಬರೀ ಹಿತ್ತಾಳೆ, ಬರೀ ಅಂಗೈಯಲ್ಲಿ ಹಿಡಿಸುವಂಥದ್ದು. ಆದರೆ ಏನಾದರೂ ಒಂದು ಇರಲಿ. ಷರತ್ತು ಇಲ್ಲದಿದ್ದರೆ ನೆಂಟರು ಪ್ರತೀ ಹುಟ್ಟುಹಬ್ಬಕ್ಕೂ ಆಕ್ಟೋಪಸ್ ಬೊಂಬೆಯನ್ನೇ ತಂದುಕೊಡುತ್ತಾರೆ, ಬೇಡ ಅನ್ನೋಕೂ ಆಗಲ್ಲ.

ಹಂತ 3: ದುಡ್ಡು ಬಿಚ್ಚುವ ಮೊದಲು ಕಣ್ಣು ಪಳಗಿಸಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೂರು ವಸ್ತುಗಳ ಫೋಟೋ ಹುಡುಕಿ ಚೆನ್ನಾಗಿ ನೋಡಿ.

ಒಂದು, ಕ್ರೀಟ್ ದ್ವೀಪದ ಪಾಲೈಕಾಸ್ಟ್ರೋದಲ್ಲಿ ಸಿಕ್ಕ ಮಣ್ಣಿನ ಕುಪ್ಪಿ. ಕ್ರಿಸ್ತಪೂರ್ವ 1500ರ ಆಸುಪಾಸಿನದು, ಈಗ ಹೆರಾಕ್ಲಿಯನ್ ಮ್ಯೂಸಿಯಂನಲ್ಲಿದೆ. ಆಕ್ಟೋಪಸ್ ನೆಟ್ಟಗೆ ನಿಂತಿಲ್ಲ, ಸ್ವಲ್ಪ ಓರೆಯಾಗಿದೆ. ಎರಡು ದೊಡ್ಡ ಕಣ್ಣು ನಿಮ್ಮನ್ನೇ ನೋಡುತ್ತವೆ. ಕೈಗಳು ಕುಪ್ಪಿಯ ಹೊಟ್ಟೆಯನ್ನು ಬಳಸಿಕೊಂಡು ಹೋಗುತ್ತವೆ, ಮಧ್ಯದ ಖಾಲಿ ಜಾಗದಲ್ಲೆಲ್ಲ ಕಡಲಪಾಚಿ, ಬಂಡೆ. ಮೂರೂವರೆ ಸಾವಿರ ವರ್ಷದ ಹಿಂದೆ ಯಾರೋ ಒಬ್ಬ ಚಿತ್ರಗಾರನಿಗೆ ದುಂಡು ಪಾತ್ರೆಗೆ ಇದಕ್ಕಿಂತ ಹೊಂದುವ ಪ್ರಾಣಿ ಇಲ್ಲ ಅಂತ ಹೊಳೆದಿದೆ ನೋಡಿ. ಕ್ರೀಟ್‌ಗೆ ಹೋದವರು ಇದರ ನಕಲನ್ನು ತರುತ್ತಾರೆ. ನಕಲು ಕೊಳ್ಳುವಾಗ ಕೈಗಳು ಹಿಂಬದಿಗೂ ಹೋಗಿವೆಯಾ ನೋಡಿ. ಅಗ್ಗದ ನಕಲುಗಳಲ್ಲಿ ಚಿತ್ರ ಮುಂದೆ ಮಾತ್ರ ಇರುತ್ತದೆ, ಹಿಂದೆ ಬೋಳು.

ಎರಡು, ಡ್ರೆಸ್ಡೆನ್ ಹತ್ತಿರದ ಬ್ಲಾಷ್ಕಾ ಅಪ್ಪ ಮಗ, ಲಿಯೋಪೋಲ್ಡ್ ಮತ್ತು ರುಡಾಲ್ಫ್, 1863ರಿಂದ 1890ರವರೆಗೆ ಗಾಜಿನಲ್ಲಿ ಮಾಡಿದ ಕಡಲಜೀವಿಗಳು. ಆಕ್ಟೋಪಸ್, ಸ್ಕ್ವಿಡ್‌ಗಳನ್ನು ಸ್ಪಿರಿಟ್ ಬಾಟಲಿಯಲ್ಲಿ ಇಟ್ಟರೆ ಬಣ್ಣ ಹೋಗಿ ಮುದ್ದೆಯಾಗುತ್ತವೆ, ಅದಕ್ಕೆ ಕಾಲೇಜು, ಮ್ಯೂಸಿಯಂಗಳು ಇವರಿಂದ ಗಾಜಿನದು ತರಿಸಿಕೊಳ್ಳುತ್ತಿದ್ದವು. ಇವು ಕೊಳ್ಳಲು ಸಿಗುವ ವಸ್ತು ಅಲ್ಲ. ಆದರೆ ಒಳ್ಳೆ ಕೆಲಸ ಅಂದರೆ ಏನು ಅಂತ ಗೊತ್ತಾಗಲು ಇದಕ್ಕಿಂತ ಬೇರೆ ಬೇಡ.

ಮೂರು, ಜಪಾನಿನ ನೆತ್ಸುಕೆ. ಕಿಮೋನೋಗೆ ಜೇಬಿಲ್ಲ ಅಲ್ವಾ, ಚೀಲವನ್ನು ದಾರದಲ್ಲಿ ನಡುಪಟ್ಟಿಗೆ ನೇತುಹಾಕುತ್ತಿದ್ದರು, ದಾರ ಜಾರದ ಹಾಗೆ ಮೇಲೆ ಕಟ್ಟುತ್ತಿದ್ದ ಪುಟ್ಟ ಕೆತ್ತನೆಯ ಗುಂಡು ಇದು. ಇದರಲ್ಲಿ ಆಕ್ಟೋಪಸ್ ಮತ್ತು ಕೋತಿ ಕುಸ್ತಿ ಆಡುವ ಕೆತ್ತನೆ ಮತ್ತೆ ಮತ್ತೆ ಬರುತ್ತದೆ. ಅದರ ಹಿಂದೊಂದು ಕಥೆ ಇದೆ: ಕಡಲ ರಾಜನ ಅರಮನೆಯಲ್ಲಿ ಕಾಯಿಲೆಗೆ ಕೋತಿಯ ಯಕೃತ್ತು, ಅಂದರೆ ಲಿವರ್, ಬೇಕಾಗುತ್ತದೆ, ಕೋತಿ "ಅಯ್ಯೋ, ಅದನ್ನು ಮರದ ಮೇಲೇ ಬಿಟ್ಟು ಬಂದೆ" ಅಂತ ತಪ್ಪಿಸಿಕೊಳ್ಳುತ್ತದೆ. ಎಲ್ಲೋ ಕೇಳಿದ ಹಾಗಿದೆಯಾ? ನಮ್ಮ ಪಂಚತಂತ್ರದ ಕೋತಿ ಮೊಸಳೆ ಕಥೆಯ ನೆಂಟನೇ ಅದು. ಇಲ್ಲಿ ಗುಂಡಿಗೆ, ಅಲ್ಲಿ ಯಕೃತ್ತು. ಇದು ಗೊತ್ತಾದ ಮೇಲೆ ನನಗೆ ಆ ಕೆತ್ತನೆ ನೋಡಿದಾಗಲೆಲ್ಲ ಅಜ್ಜಿ ನೆನಪಾಗುತ್ತಾರೆ.

ಹಂತ 4: ಹುಡುಕುವ ಜಾಗ, ಹುಡುಕುವ ಪದ

ಇಂಗ್ಲಿಷಿನಲ್ಲಿ ಮಾತ್ರ ಹುಡುಕಿದರೆ ಎಲ್ಲರಿಗೂ ಸಿಗುವುದೇ ನಿಮಗೂ ಸಿಗುತ್ತದೆ. ಸ್ಪ್ಯಾನಿಷಿನಲ್ಲಿ ಪುಲ್ಪೊ, ಪೋರ್ಚುಗೀಸಿನಲ್ಲಿ ಪೋಲ್ವು, ಇಟಾಲಿಯನ್‌ನಲ್ಲಿ ಪೋಲ್ಪೊ. ಜರ್ಮನ್‌ನಲ್ಲಿ ಟಿಂಟೆನ್‌ಫಿಶ್, ಅಂದರೆ ಶಾಯಿ ಮೀನು, ಇದರಲ್ಲಿ ಮೂರೂ ಪ್ರಾಣಿ ಬರುತ್ತವೆ. ಜಪಾನಿಯಲ್ಲಿ ಆಕ್ಟೋಪಸ್ ತಾಕೊ, ಸ್ಕ್ವಿಡ್ ಇಕಾ. ಫೋನಿನ ಅನುವಾದ ಆ್ಯಪ್‌ನಲ್ಲಿ ಹಾಕಿ, ಆ ಭಾಷೆಯ ಲಿಪಿಯಲ್ಲೇ ಕಾಪಿ ಮಾಡಿ ಹುಡುಕಿ. ಜಪಾನಿಯಲ್ಲಿ ಒಂದು ಎಚ್ಚರ: ತಾಕೊ ಅಂದರೆ ಗಾಳಿಪಟವೂ ಹೌದು. ಮೊದಲ ದಿನ ನಾನು ಒಂದು ಗಂಟೆ ಗಾಳಿಪಟ ನೋಡುತ್ತಾ ಕೂತಿದ್ದೆ. ಕತಾಕಾನ ಲಿಪಿಯಲ್ಲಿ ಬರೆದರೆ ಬಹುಮಟ್ಟಿಗೆ ಪ್ರಾಣಿಯೇ ಬರುತ್ತದೆ.

ಹುಡುಕಿದಾಗ ನಡುವೆ ಬೇರೆ ಗುಂಪಿನವೂ ಬರುತ್ತವೆ. ಐಸ್ ಹಾಕಿ ಜೊತೆ ಆಕ್ಟೋಪಸ್ ಕಂಡರೆ ಅದು ಅಮೆರಿಕದ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ್ದು. 1952ರಲ್ಲಿ ಕಪ್ ಗೆಲ್ಲಲು ಎಂಟು ಪಂದ್ಯ ಗೆಲ್ಲಬೇಕಿತ್ತು, ಎಂಟು ಕೈ ಅಂತ ಅಭಿಮಾನಿಗಳು ನಿಜವಾದ ಆಕ್ಟೋಪಸ್ಸನ್ನೇ ಐಸ್ ಮೇಲೆ ಎಸೆದರು, ಆ ಪದ್ಧತಿ ಉಳಿದುಕೊಂಡಿತು. ಫುಟ್‌ಬಾಲ್ ಜೊತೆ ಕಂಡರೆ 2010ರ ವಿಶ್ವಕಪ್‌ನಲ್ಲಿ ಯಾರು ಗೆಲ್ಲುತ್ತಾರೆ ಅಂತ ಎಂಟು ಪಂದ್ಯಕ್ಕೆ ಎಂಟೂ ಸರಿಯಾಗಿ ಮೊದಲೇ ಹೇಳಿದ ಜರ್ಮನಿಯ ಆಕ್ಟೋಪಸ್ ಪಾಲ್, ನಮ್ಮ ಟೀವಿಯವರೂ ಅದನ್ನು ಬಿಟ್ಟಿರಲಿಲ್ಲ. ನನಗೆ ಇವು ಬೇಡ, ನಿಮಗೆ ಬೇಕಿರಬಹುದು.

ನನಗೆ ತುಂಬಾ ಇಷ್ಟವಾದದ್ದು ಜಪಾನಿನ ಮಿನಾಮಿಸಾನ್ರಿಕು ಊರಿನ ಆಕ್ಟೋಪಸ್ ಪೇಪರ್‌ವೇಟ್. ಜಪಾನಿಗಳ ಬಾಯಲ್ಲಿ ಆಕ್ಟೋಪಸ್ "ಓಕುತೋಪಾಸು" ಆಗುತ್ತದೆ. ಅದನ್ನೇ ಬಿಡಿಸಿದರೆ "ಓಕು ತೊ ಪಾಸು", ಅಂದರೆ "ಇಟ್ರೆ ಪಾಸು". ಪರೀಕ್ಷೆಗೆ ಓದುವ ಮಕ್ಕಳ ಮೇಜಿನ ಮೇಲೆ ಇಡುತ್ತಾರೆ. ಹಾಳೆ ಹಾರದ ಹಾಗೆ ಕೂತಿರುವುದೇ ಅದರ ಕೆಲಸ, ನನ್ನ ಷರತ್ತಿಗೆ ಸರಿಹೋಯಿತು.

ನಮ್ಮಲ್ಲಿ ಎಲ್ಲಿ? ಬೆಂಗಳೂರಿನ ಸಂಡೇ ಬಜಾರ್, ಮುಂಬೈಯ ಚೋರ್ ಬಜಾರ್, ಕೊಚ್ಚಿಯ ಮಟ್ಟಾಂಚೇರಿ. ಈ ಮೂರರಲ್ಲೂ "ಆಕ್ಟೋಪಸ್ ಇದೆಯಾ" ಅಂತ ಕೇಳಬೇಡಿ. ಕೇಳಿದ ಕೂಡಲೇ ರೇಟು ಏರುತ್ತದೆ. ಹಡಗಿನ ಸಾಮಾನು, ಹಿತ್ತಾಳೆ ಹುಕ್ಕು, ಬಾಟಲ್ ಓಪನರ್ ತೋರಿಸಿ ಅನ್ನಿ, ರಾಶಿಯಲ್ಲಿ ನೀವೇ ಹುಡುಕಿ. ಇನ್ನೊಂದು ಮಾತು. ವಿದೇಶದ ಅಂಗಡಿಗಳಲ್ಲಿ ಡಾಲರ್ ಲೆಕ್ಕದಲ್ಲಿ ಮಾರುವ ಹಿತ್ತಾಳೆ ಆಕ್ಟೋಪಸ್‌ಗಳಲ್ಲಿ ಎಷ್ಟೋ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಎರಕ ಹೊಯ್ದವು. ವಿದೇಶದಿಂದ ತರಿಸಿ ಕಸ್ಟಮ್ಸ್ ಕಟ್ಟಿ, ಹಿಂಬದಿ ತಿರುಗಿಸಿ ನೋಡಿದರೆ "ಮೇಡ್ ಇನ್ ಇಂಡಿಯಾ"! ಮೊದಲು ಇಲ್ಲೇ ಹುಡುಕಿ.

ಹಂತ 5: ಕೈಯಲ್ಲಿ ಹಿಡಿದು ಪರೀಕ್ಷೆ

ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ, ಒಂದು ಭೂತಗನ್ನಡಿ ಇರಲಿ. ಹಿತ್ತಾಳೆ ಅಂತ ಹೇಳಿದ್ದಕ್ಕೆ ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಅಂಟದಿದ್ದರೆ ಹಿತ್ತಾಳೆಯೇ ಅಂತ ಕುಣಿಯಬೇಡಿ, ಬಣ್ಣ ಬಳಿದ ಅಲ್ಯೂಮಿನಿಯಂಗೂ ಅಂಟಲ್ಲ. ಅದು ಕೈಗೆ ಎತ್ತಿಕೊಂಡರೆ ಗೊತ್ತಾಗುತ್ತದೆ, ನೋಟಕ್ಕೂ ತೂಕಕ್ಕೂ ಹೊಂದಿಕೆ ಇರಲ್ಲ. ಆನ್‌ಲೈನ್‌ನಲ್ಲಿ ಕೊಂಡರೆ ತೂಕ ಕೇಳಿ, ಹಿಂಬದಿಯ ಫೋಟೋ ಕೇಳಿ. ನಾನು ಕೇಳದೆ ಒಬ್ಬ ಮಾರಾಟಗಾರನಿಂದ "ಗಟ್ಟಿ ಹಿತ್ತಾಳೆ" ಹುಕ್ ತರಿಸಿ ಮಲ್ಪೆಯ ಮನೆಯಲ್ಲಿ ಹಾಕಿಸಿದ್ದೆ. ಒಂದು ಮಳೆಗಾಲ, ಅಷ್ಟೇ. ಉಪ್ಪುಗಾಳಿಗೆ ಲೇಪ ಎದ್ದು, ಎಂಟು ಕೈಯಿಂದಲೂ ಸುಣ್ಣದ ಗೋಡೆ ಮೇಲೆ ಎಂಟು ತುಕ್ಕಿನ ಗೆರೆ ಇಳಿದಿದ್ದವು. ಅಮ್ಮ ಅದಕ್ಕೂ ಒಂದು ಮಾತು ಹೇಳಿದರು, ಬಿಡಿ.

ಪಿಂಗಾಣಿ, ಗಾಜಿನದಾದರೆ ಮೊದಲು ಕೈಗಳ ತುದಿ ನೋಡಿ. ಒಡೆಯುವುದು ಅಲ್ಲೇ. ಬೆರಳಿನಿಂದ ಒಂದೊಂದು ಕೈಯನ್ನೂ ಬುಡದಿಂದ ತುದಿವರೆಗೆ ಸವರಿ. ಅಂಟಿಸಿದ್ದರೆ ಕಣ್ಣಿಗೆ ಕಾಣದ ಗೆರೆ ಉಗುರಿಗೆ ಸಿಗುತ್ತದೆ. ನೋಟು ನೋಡುವ ಯುವಿ ಟಾರ್ಚ್ ಇದ್ದರೆ ಕತ್ತಲಲ್ಲಿ ಬಿಡಿ, ಎಷ್ಟೋ ಅಂಟುಗಳು ಹೊಳೆಯುತ್ತವೆ. ಅಂಟಿಸಿದ್ದನ್ನು ಕೊಳ್ಳಬಾರದು ಅಂತಲ್ಲ, ಅಂಟಿಸಿದ್ದರ ರೇಟಿಗೆ ಕೊಳ್ಳಿ.

ನೆತ್ಸುಕೆ ಅಂತ ಮಾರುವುದರಲ್ಲಿ ರೆಸಿನ್ ಅಚ್ಚೇ ಜಾಸ್ತಿ. ಪಕ್ಕದಲ್ಲಿ ಅಚ್ಚಿನ ಜೋಡಣೆಯ ಸಣ್ಣ ಗೆರೆ ಹುಡುಕಿ. ದಾರ ಹಾಯಿಸುವ ತೂತು ನೋಡಿ. ಬಳಸಿದ ಹಳೆಯದಾದರೆ ತೂತಿನ ಅಂಚು ಸವೆದು ನುಣುಪಾಗಿರುತ್ತದೆ, ರೆಸಿನ್‌ನಲ್ಲಿ ತೂತು ಚೂಪಾಗಿರುತ್ತದೆ. ಕಾದ ಸೂಜಿ ಚುಚ್ಚಿ ನೋಡಿ ಅಂತ ಕೆಲವರು ಹೇಳುತ್ತಾರೆ, ದಯವಿಟ್ಟು ಬೇಡ. ನಿಜವಾದದ್ದಾದರೆ ನೀವೇ ಹಾಳು ಮಾಡಿದ ಹಾಗಾಯಿತು.

ಹಂತ 6: ಇವನ್ನು ಮುಟ್ಟಬೇಡಿ

ದಂತದ ಕೆತ್ತನೆ ಬೇಡವೇ ಬೇಡ. ಎಷ್ಟೇ ಹಳೆಯದು ಅನ್ನಲಿ, ಯಾವ ಕಾಗದವನ್ನೇ ತೋರಿಸಲಿ. ನೆತ್ಸುಕೆ ಬೇಕಾದರೆ ಮರದ್ದು ಕೊಳ್ಳಿ, ಕೆಲಸ ಅದರಲ್ಲೂ ಅಷ್ಟೇ ಚೆಂದ ಇರುತ್ತದೆ. ಪಟ್ಟೆಪಟ್ಟೆಯ ನಾಟಿಲಸ್ ಚಿಪ್ಪು ಕೂಡ ಬೇಡ. ಅದೂ ಆಕ್ಟೋಪಸ್‌ನ ದೂರದ ಸಂಬಂಧಿಯೇ, ಕಡಲತೀರದ ಅಂಗಡಿಗಳಲ್ಲಿ ಕಾಣುತ್ತದೆ ಕೂಡ. ಆದರೆ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ, 2017ರಿಂದ ದೇಶ ದೇಶಗಳ ನಡುವಿನ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ಕಟ್ಟುಪಾಡಿದೆ. ಹವಳದ ಮೇಲೆ ಕೂರಿಸಿದ ಆಕ್ಟೋಪಸ್ ಬೊಂಬೆಗೂ ಇದೇ ಮಾತು, ಹವಳ ನಿಜವಾದದ್ದಾಗಿದ್ದರೆ ಬಿಟ್ಟು ಬನ್ನಿ.

ಚಿತ್ರ ಬರೆದ ಹಳೇ ಪಿಂಗಾಣಿ, ಪ್ರವಾಸಿಗಳಿಗೆ ಮಾರುವ ಬಣ್ಣದ ತಟ್ಟೆ, ಇವುಗಳಲ್ಲಿ ಊಟ ಮಾಡಬೇಡಿ. ಮೆರುಗಿನಲ್ಲಿ ಸೀಸ ಇರಬಹುದು. ಹುಳಿ, ಸಾರು ಹಾಕಿದರೆ ಇನ್ನೂ ಬೇಗ ಬಿಡುತ್ತದೆ. ನೋಡೋಕೆ ಮಾತ್ರ ಇರಲಿ.

ಹಂತ 7: ತೊಳೆಯೋದು

ಹಿತ್ತಾಳೆ ಅಂದರೆ ನಮ್ಮ ಮನೆಗಳಲ್ಲಿ ಹುಣಸೆಹಣ್ಣು. ದೀಪಕ್ಕೆ, ಚೊಂಬಿಗೆ ಸರಿ, ಆಕ್ಟೋಪಸ್‌ಗೆ ಸರಿಯಲ್ಲ. ನಾನು ಮೊದಲ ಹುಕ್ಕನ್ನು ಹುಣಸೆಹಣ್ಣು ಹಾಕಿ ಗಸಗಸ ತಿಕ್ಕಿದೆ, ಬಂಗಾರದ ಹಾಗೆ ಹೊಳೆಯಿತು. ಎರಡು ವಾರಕ್ಕೆ ನೋಡಿದರೆ ಪ್ರತಿಯೊಂದು ಹೀರುಬಟ್ಟಲಿನ ಒಳಗೂ ಒಂದೊಂದು ಹಸಿರು ಚುಕ್ಕೆ. ಹುಳಿ ಅಲ್ಲೇ ಉಳಿದು ಕಿಲುಬು ಹಿಡಿದಿತ್ತು. ಒಂದು ಕೈಯಲ್ಲಿ ಹದಿನಾಲ್ಕು ಬಟ್ಟಲು, ಎಂಟು ಕೈ, ಲೆಕ್ಕ ಹಾಕಿಕೊಳ್ಳಿ, ಹಲ್ಲುಕಡ್ಡಿಗೆ ಹತ್ತಿ ಸುತ್ತಿಕೊಂಡು ನೂರಾ ಹನ್ನೆರಡು ಸಲ. ಈಗ ಹಳೇ ಟೂತ್‌ಬ್ರಶ್, ಸಾಬೂನು ನೀರು, ಆಮೇಲೆ ಹೇರ್ ಡ್ರೈಯರ್. ಅಷ್ಟೇ. ಹಳೇ ವಸ್ತುವಿನ ಮೇಲಿನ ಕಂದು ಬಣ್ಣವನ್ನು ತೆಗೆಯಲೇಬೇಡಿ, ಅದರ ಬೆಲೆ ಇರೋದೇ ಅದರಲ್ಲಿ. ಎರಕದ ಕಬ್ಬಿಣಕ್ಕೆ ವರ್ಷಕ್ಕೆರಡು ಸಲ ಮೇಣ ಸವರಿ, ಮಳೆಗಾಲಕ್ಕೆ ಮೊದಲು ಒಮ್ಮೆ ಖಂಡಿತ.

ಒಂದು ವಿಶೇಷ ವಸ್ತುವಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ತಾಕೊತ್ಸುಬೊ, ಜಪಾನಿನ ಆಕ್ಟೋಪಸ್ ಮಡಕೆ. ಮೆರುಗಿಲ್ಲದ ಮಣ್ಣಿನ ಮಡಕೆಗಳನ್ನು ಹಗ್ಗಕ್ಕೆ ಸಾಲಾಗಿ ಕಟ್ಟಿ ಕಡಲಿಗೆ ಇಳಿಸುತ್ತಾರೆ. ಮೇವು ಗೀವು ಏನೂ ಇಲ್ಲ. ಆಕ್ಟೋಪಸ್‌ಗೆ ಅಡಗಲು ಬಿಲ ಬೇಕು, ತಾನಾಗೇ ಬಂದು ಕೂರುತ್ತದೆ, ಎತ್ತುವಾಗಲೂ ಬಿಡದೆ ಕೂತಿರುತ್ತದೆ. ಪೋರ್ಚುಗಲ್‌ನ ದಕ್ಷಿಣ ತೀರದಲ್ಲೂ ಇದೇ ಉಪಾಯ, ಅಲ್ಲಿ ಮಡಕೆಗೆ ಅಲ್ಕಾತ್ರೂಝ್ ಅನ್ನುತ್ತಾರೆ. ಒಂದು ಹೃದಯದ ಕಾಯಿಲೆಗೂ ಈ ಜಪಾನಿ ಮಡಕೆಯ ಹೆಸರೇ ಇದೆ, ಗುಂಡಿಗೆ ಉಬ್ಬಿ ಇದೇ ಆಕಾರಕ್ಕೆ ಬರುತ್ತದಂತೆ. ಈಗ ಪ್ಲಾಸ್ಟಿಕ್ ಮಡಕೆಗಳು ಬಂದಿವೆ, ಹಳೇ ಮಣ್ಣಿನವು ಚಿಪ್ಪು ಹತ್ತಿಕೊಂಡ ಹಾಗೇ ಕ್ಯೂರಿಯೋ ಆಗಿ ಮಾರಾಟಕ್ಕೆ ಬರುತ್ತವೆ.

ನಮ್ಮ ಭಾವ ಜಪಾನಿನಲ್ಲಿದ್ದಾಗ ಒಂದು ತಂದುಕೊಟ್ಟರು. ಚಿತ್ರ ಇಲ್ಲ, ಬಣ್ಣ ಇಲ್ಲ, ಆಕ್ಟೋಪಸ್ಸೇ ಇಲ್ಲ. ನನ್ನ ಸಂಗ್ರಹದಲ್ಲಿ ನನಗೆ ಅದೇ ಹೆಚ್ಚು ಇಷ್ಟ. ಕಪಾಟಿನಲ್ಲಿಟ್ಟ ತಿಂಗಳಿಗೆ ಮೈಮೇಲೆ ಬಿಳಿ ಹಿಟ್ಟು ಏಳಲು ಶುರುವಾಯಿತು. ಹಿಟ್ಟಲ್ಲ, ಉಪ್ಪು. ಮಣ್ಣು ವರ್ಷಗಟ್ಟಲೆ ಕುಡಿದ ಕಡಲನ್ನು ಈಗ ಕಕ್ಕುತ್ತಿತ್ತು. ಹಾಗೇ ಬಿಟ್ಟರೆ ಉಪ್ಪು ಹರಳುಗಟ್ಟಿ ಮೇಲಿನ ಪದರ ಉದುರುತ್ತದೆ. ಮಾಡಬೇಕಾದ್ದು ಇಷ್ಟು: ಬಕೆಟ್ ತುಂಬ ಸಿಹಿನೀರು, ಬೋರ್‌ವೆಲ್ ಗಡಸು ನೀರು ಬೇಡ, ಫಿಲ್ಟರ್ ನೀರಾದರೆ ಒಳ್ಳೆಯದು. ಪೂರ್ತಿ ಮುಳುಗಿಸಿ, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ನನ್ನದಕ್ಕೆ ಐದು ವಾರ ಹಿಡಿಯಿತು. ಆಮೇಲೆ ನೆರಳಲ್ಲಿ ಒಣಗಿಸಿ, ಬಿಸಿಲಲ್ಲಿ ಬೇಡ. ಮತ್ತೆ ಬಿಳಿ ಕಂಡರೆ ಮತ್ತೆ ಬಕೆಟ್.

ಹಂತ 8: ಇಡೋದು, ಬರೆದಿಡೋದು

ಗೋಡೆಯ ಹುಕ್ಕಿಗೆ ಡ್ರಿಲ್ ಮಾಡಿ ಪ್ಲಗ್ ಹಾಕಿಯೇ ಸ್ಕ್ರೂ ಕೂರಿಸಿ, ಮೊಳೆ ಸಾಲದು, ಎಂಟು ಕೈ ಅಂದರೆ ಮನೆಯವರೆಲ್ಲ ಎಂಟು ಬ್ಯಾಗು ನೇತುಹಾಕುತ್ತಾರೆ. ಕಪಾಟಿನ ಗಾಜಿನ ವಸ್ತುಗಳ ಅಡಿಗೆ ಬ್ಲೂ ಟ್ಯಾಕ್ ಅನ್ನುವ ಅಂಟುಮುದ್ದೆಯ ಚೂರು ಒತ್ತಿ, ಬೆಕ್ಕಿದ್ದರೆ ಎರಡು ಚೂರು. ಒಂದು ನೋಟ್‌ಬುಕ್‌ನಲ್ಲಿ ಎಲ್ಲಿ ಕೊಂಡದ್ದು, ಯಾವಾಗ, ಎಷ್ಟು ಕೊಟ್ಟೆ ಅಂತ ಬರೆದು ಅಡಿಭಾಗದ ಫೋಟೋ ತೆಗೆದಿಡಿ. ಮನೆಯವರು ಕೇಳಿದಾಗ ಹೇಳುವ ರೇಟು ಬೇರೆ ಇದ್ದರೂ ಪುಸ್ತಕದಲ್ಲಿ ನಿಜವೇ ಇರಲಿ.

ಹಂತ 9: ಸಿಗದಿದ್ದನ್ನು ಮಾಡಿಸಿ

ಇದಕ್ಕೆ ಬರಲು ನನಗೆ ತುಂಬ ವರ್ಷ ಬೇಕಾಯಿತು. ಚನ್ನಪಟ್ಟಣದಲ್ಲಿ ಒಬ್ಬರ ಹತ್ತಿರ ಅರಗಿನ ಬಣ್ಣದ ಮರದ ಆಕ್ಟೋಪಸ್ ಮಾಡಿಸಿದೆ, ಪೆನ್ನು ನಿಲ್ಲಿಸಲು. ಫೋನಿನಲ್ಲಿ ಫೋಟೋ ತೋರಿಸಿದರೆ ಸಾಲದು, ನಿಜವಾದ ಅಳತೆಗೆ ಕಾಗದದಲ್ಲಿ ಬರೆದು ಕತ್ತರಿಸಿಕೊಂಡು ಹೋಗಿ. ಅವರದು ಲೇತ್ ಕೆಲಸ, ತಿರುಗಿಸಿ ಮಾಡುವುದೆಲ್ಲ ದುಂಡಗೆ ಬರುತ್ತದೆ, ಬಾಗಿದ ಕೈ ಬರುವುದಿಲ್ಲ. ಅದಕ್ಕೆ ಪ್ರತಿ ಕೈಯನ್ನೂ ಮಣಿಗಳ ಸರ ಮಾಡೋಣ ಅಂತಾಯಿತು. ಮೊದಲ ಮಾದರಿಗೆ ಆರೇ ಕೈ. "ಎಂಟು ಹಾಕಿದ್ರೆ ತೂತು ತೂತು ಸೇರ್ಕೊಂಡು ತಲೆ ಸೀಳುತ್ತೆ ಸಾರ್" ಅಂದರು. ಕಾಗದದ ಮೇಲೆ ಗೆರೆ ಎಳೆದು ನೋಡಿದರೆ ಅವರು ಹೇಳಿದ್ದು ಸರಿ. ತಲೆಯ ಬುಡವನ್ನು ಅರ್ಧ ಇಂಚು ಅಗಲ ಮಾಡಿಸಿದೆವು, ಎಂಟೂ ಕೂತವು. ನೀವು ಮಾಡಿಸುವುದಾದರೆ ತೂತಿನಿಂದ ತೂತಿಗೆ ಎಷ್ಟು ಮರ ಉಳಿಯಬೇಕು ಅಂತ ಮೊದಲು ಅವರನ್ನೇ ಕೇಳಿ, ಆಮೇಲೆ ತಲೆಯ ಅಳತೆ ಹೇಳಿ. ಅರ್ಧ ದುಡ್ಡು ಮುಂಗಡ ಕೊಡಿ, ಹಬ್ಬದ ಸೀಸನ್‌ನಲ್ಲಿ ಅವಸರ ಮಾಡಬೇಡಿ, ಒಂದು ಬೇಕಿದ್ದರೂ ಎರಡು ಮಾಡಿಸಿ. ನನ್ನ ಎರಡನೆಯದು ಈಗ ಮಲ್ಪೆಯಲ್ಲಿದೆ, ಅಮ್ಮನ ಓದುವ ಕನ್ನಡಕ ಹಿಡಿದುಕೊಂಡಿದೆ.